ಬಿಸಿನೀರಿನ ಚೀಲ ಇಡೋಕೆ ಮುಂಚೆ ನೋವಿನ ಮಾತು ಕೇಳಿ



ನೀವು ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತಿದ್ದೀರೋ, ಮೆಟ್ರೋದಲ್ಲಿ ಕೂತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ನನಗೆ ಗೊತ್ತಿಲ್ಲ. ಎಲ್ಲೇ ಇರಿ, ಒಂದು ಕ್ಷಣ ನಿಮ್ಮ ಕತ್ತು, ಭುಜ, ಸೊಂಟ ಹೇಗಿದೆ ಅಂತ ಗಮನಿಸಿ ನೋಡಿ. ಎಲ್ಲೋ ಒಂದು ಕಡೆ ಹಿಡ್ಕೊಂಡಿರಬಹುದು. ಬಹುಶಃ ಬೆಳಗ್ಗೆಯಿಂದಲೇ ಹಿಡ್ಕೊಂಡಿದೆ, ನಾನು ಕೇಳಿದ ಮೇಲೆ ನಿಮಗೆ ಗೊತ್ತಾಗಿರುತ್ತೆ.

ಇವತ್ತಿನ ವಿಷಯ ಅದೇ. ಮೈ ಹೇಳೋದನ್ನ ಕೇಳಿಸಿಕೊಳ್ಳೋದು, ಮತ್ತು ಅದಕ್ಕೆ ನಮ್ಮ ಮನೆಗಳಲ್ಲಿ ಮೊದಲಿಂದ ಇರೋ ಒಂದು ಸಾಧನ, ಕಾವು. ಕೆಲವು ಕಡೆ ಶಾಖ ಕೊಡೋದು ಅಂತಾರೆ. ಬಿಸಿನೀರಿನ ಚೀಲ, ಕರೆಂಟಿನ ಬೆಲ್ಟ್, ಪ್ಲಗ್ ಹಾಕಿ ಕಾಯಿಸೋ ಜೆಲ್ ಪೌಚ್, ಹುರಿದ ಉಪ್ಪಿನ ಗಂಟು, ಎಲ್ಲವೂ ಇದರಲ್ಲಿ ಬಂತು. ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವಳು. ಹಾಗಾಗಿ ಚಿಕಿತ್ಸೆ ಹೇಳೋಕೆ ಬಂದಿಲ್ಲ. ದಿನಕ್ಕೆ ಏಳೆಂಟು ಗಂಟೆ ಕೂತು ಆಡಿಯೋ ಎಡಿಟ್ ಮಾಡೋ ಸೊಂಟ, ತಿಂಗಳಿಗೆ ಎರಡು ದಿನ ಹಿಂಡೋ ಹೊಟ್ಟೆ, ಇವೆರಡೂ ನನ್ನದೇ ಆಗಿರೋದ್ರಿಂದ ಇದರ ಬಗ್ಗೆ ಒಂದಷ್ಟು ಓದಿದ್ದೀನಿ. ಅದನ್ನ ನಿಮ್ಮ ಜೊತೆ ಹಂಚಿಕೊಳ್ತೀನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಇದೆಲ್ಲ ದೊಡ್ಡವರಿಗೆ. ಪುಟ್ಟ ಮಕ್ಕಳ ಚರ್ಮದ ಲೆಕ್ಕವೇ ಬೇರೆ.

ಮೊದಲು, ಕಾವು ಯಾಕೆ ಹಿತ ಅನ್ಸುತ್ತೆ?

ನಮ್ಮ ಚರ್ಮ ಸಾಮಾನ್ಯವಾಗಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲಿರುತ್ತೆ. ಅದರ ಮೇಲೆ ಸ್ವಲ್ಪ ಬೆಚ್ಚಗಿನ ವಸ್ತು ಇಟ್ಟರೆ ಆ ಜಾಗದ ರಕ್ತನಾಳಗಳು ಹಿಗ್ಗುತ್ತವೆ, ರಕ್ತದ ಓಡಾಟ ಜಾಸ್ತಿ ಆಗುತ್ತೆ, ಬಿಗಿದುಕೊಂಡ ಸ್ನಾಯು ಸಡಿಲ ಆಗುತ್ತೆ. ಇದು ಒಂದು ಭಾಗ. ಇನ್ನೊಂದು ಭಾಗ ನರಗಳದ್ದು. 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನೋ ಇಬ್ಬರು ವಿಜ್ಞಾನಿಗಳು ಒಂದು ಸಿದ್ಧಾಂತ ಮುಂದಿಟ್ಟರು. ನೋವಿನ ಸಂಕೇತ ನೇರವಾಗಿ ಮಿದುಳಿಗೆ ಹೋಗಿಬಿಡೋದಿಲ್ಲ, ಬೆನ್ನುಹುರಿಯಲ್ಲಿ ಅದಕ್ಕೆ ಒಂದು ಗೇಟ್ ಇದ್ದ ಹಾಗಿದೆ, ಸ್ಪರ್ಶದಂಥ ಬೇರೆ ಸಂಕೇತಗಳು ಬಂದಾಗ ಆ ಗೇಟ್ ಸ್ವಲ್ಪ ಮುಚ್ಚಿಕೊಳ್ಳುತ್ತೆ ಅಂತ. ಮೊಣಕಾಲು ಟೇಬಲ್ಲಿಗೆ ಬಡಿದ ತಕ್ಷಣ ನಾವು ಕೈಯಿಂದ ಉಜ್ಜಿಕೊಳ್ತೀವಲ್ಲ, ಅದಕ್ಕೆ ಇದೇ ವಿವರಣೆ ಕೊಡ್ತಾರೆ. ಕಾವು ಕೊಟ್ಟಾಗ ಸಿಗೋ ಆರಾಮದಲ್ಲೂ ಇದರ ಪಾಲು ಇದೆ ಅಂತಾರೆ.

ಈಗ ಮೂರನೇ ಭಾಗ. ಗುಂಟೂರು ಮೆಣಸಿನಕಾಯಿ ಕಚ್ಚಿದ್ರೆ ನಾವು ಏನಂತೀವಿ? "ಬಾಯಿ ಉರೀತು" ಅಂತೀವಿ. ಬೆಂಕಿ ಇಲ್ಲ, ಆದ್ರೂ ಉರಿ. 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಮತ್ತು ಅವರ ತಂಡ ಇದರ ಗುಟ್ಟು ಕಂಡುಹಿಡಿದರು. ಮೆಣಸಿನಕಾಯಿಯ ಖಾರವನ್ನ ಹಿಡಿಯೋ ನರದ ಗ್ರಾಹಕವೇ ಸುಡೋ ಬಿಸಿಯನ್ನೂ ಹಿಡಿಯುತ್ತೆ. ಅದರ ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ದಾಟಿದ ಮೇಲೆ ಅದು ಎಚ್ಚರಗೊಂಡು "ನೋವು, ಕೈ ತೆಗಿ" ಅಂತ ಕೂಗೋಕೆ ಶುರು ಮಾಡುತ್ತೆ. 2021ರಲ್ಲಿ ಜೂಲಿಯಸ್ ಅವರಿಗೆ, ಸ್ಪರ್ಶದ ಗ್ರಾಹಕಗಳನ್ನ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರ ಜೊತೆ, ವೈದ್ಯಶಾಸ್ತ್ರದ ನೊಬೆಲ್ ಬಂತು.

43 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ. ಯಾಕಂದ್ರೆ ಹಿತ ಕೊಡೋ ಬಿಸಿಗೂ ಎಚ್ಚರಿಕೆಯ ಗಂಟೆ ಬಾರಿಸೋ ಬಿಸಿಗೂ ನಡುವೆ ಇರೋ ಅಂತರ ತುಂಬಾ ಚಿಕ್ಕದು.

2001ರಲ್ಲಿ ಮುಟ್ಟಿನ ನೋವಿನ ಬಗ್ಗೆ ಒಂದು ಅಧ್ಯಯನ ಪ್ರಕಟ ಆಯ್ತು. ಹೊಟ್ಟೆಯ ಮೇಲೆ ಸುಮಾರು 39 ಡಿಗ್ರಿಯ ಬಿಸಿ ಪ್ಯಾಚನ್ನ ದಿನಕ್ಕೆ 12 ಗಂಟೆ ಇಟ್ಟುಕೊಂಡವರಿಗೆ ಸಿಕ್ಕ ಆರಾಮ, ಐಬುಪ್ರೊಫೆನ್ ಮಾತ್ರೆ ತಗೊಂಡವರಿಗೆ ಸಿಕ್ಕ ಆರಾಮಕ್ಕೆ ಹೆಚ್ಚು ಕಡಿಮೆ ಸಮ ಇತ್ತು. ಅದೊಂದು ಸಣ್ಣ ಅಧ್ಯಯನ. ಆದ್ರೂ ನನಗೆ ಅದರಲ್ಲಿ ಇಷ್ಟವಾದದ್ದು 39 ಅನ್ನೋ ಅಂಕಿ. ಜ್ವರ ಬಂದಾಗ ಥರ್ಮಾಮೀಟರ್‌ನಲ್ಲಿ ನೋಡೋ ಬಿಸಿ ಅಷ್ಟೇ. ಅಂದ್ರೆ ಕೆಲಸ ಮಾಡಿದ್ದು ಸುಡೋ ಬಿಸಿ ಅಲ್ಲವೇ ಅಲ್ಲ, ಬೆಚ್ಚಗಿನ ಬಿಸಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಚರ್ಮ ಕೆಂಪಾದ್ರೇನೇ ಕಾವು ಹತ್ತಿದೆ ಅನ್ನೋ ನಂಬಿಕೆ ಇದೆ. ಅದಕ್ಕೆ ಈ ಅಂಕಿ ಉತ್ತರ.

ಸೊಂಟನೋವಿನ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳಬೇಕು. ಈ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಕೊಕ್ರೇನ್ ಸಂಸ್ಥೆ ಒಂದು ವಿಮರ್ಶೆ ಪ್ರಕಟಿಸಿತು. ಇತ್ತೀಚೆಗಷ್ಟೇ ಶುರುವಾದ ಸೊಂಟನೋವಿಗೆ ಬಿಸಿ ಪಟ್ಟಿ ಸ್ವಲ್ಪ ಮಟ್ಟಿಗೆ, ಸ್ವಲ್ಪ ಕಾಲ ಆರಾಮ ಕೊಡುತ್ತೆ ಅಂತ ಅದರ ತೀರ್ಮಾನ. ಸ್ವಲ್ಪ ಮಟ್ಟಿಗೆ, ಸ್ವಲ್ಪ ಕಾಲ. ಜಾಹೀರಾತಲ್ಲಿ ಈ ಎರಡು ಮಾತು ಇರೋದಿಲ್ಲ. ಮೇಲಿಂದ ಕೊಡೋ ಕಾವು ಒಂದೆರಡು ಸೆಂಟಿಮೀಟರ್‌ಗಿಂತ ಆಳಕ್ಕೆ ಹೆಚ್ಚು ಇಳಿಯೋದೂ ಇಲ್ಲ. ಡಿಸ್ಕ್ ಜಾರಿದ್ರೆ ಅದನ್ನ ಬಿಸಿನೀರಿನ ಚೀಲ ಒಳಗೆ ತಳ್ಳೋಕೆ ಆಗಲ್ಲ.

ಹಾಗಾದ್ರೆ ಕಾವಿಂದ ಆಗೋ ದೊಡ್ಡ ಉಪಯೋಗ ಏನು? ನನ್ನ ಪ್ರಕಾರ, ಅದು ನಮ್ಮನ್ನ ಹದಿನೈದು ನಿಮಿಷ ಒಂದು ಕಡೆ ಕೂರಿಸಿ ಮೈ ಕಡೆ ನೋಡೋ ಹಾಗೆ ಮಾಡುತ್ತೆ. ಮೈಯ ಒಳಗಿನ ಸಂಕೇತಗಳನ್ನ ಗ್ರಹಿಸೋ ಶಕ್ತಿಗೆ ಇಂಟರೊಸೆಪ್ಷನ್ ಅಂತ ಹೆಸರಿದೆ. ಹಸಿವು, ಬಾಯಾರಿಕೆ, ಎದೆಬಡಿತ, ಉಸಿರು, ಬಿಸಿ ತಂಪು, ನೋವು, ಇವೆಲ್ಲ ಮಿದುಳಿನ ಇನ್ಸುಲಾ ಅನ್ನೋ ಭಾಗದಲ್ಲಿ ಸೇರಿಕೊಂಡು "ಈಗ ನಾನು ಹೀಗಿದ್ದೀನಿ" ಅನ್ನೋ ಅರಿವು ಮೂಡುತ್ತೆ. ದಿನವಿಡೀ ಸ್ಕ್ರೀನ್ ನೋಡೋ ನಮಗೆ ಈ ಸುದ್ದಿ ಕೇಳಿಸಿಕೊಳ್ಳೋ ಪುರುಸೊತ್ತೇ ಇಲ್ಲ. ಹೊಟ್ಟೆ ಚುರುಗುಟ್ಟೋದೂ ಡೆಲಿವರಿ ಆ್ಯಪ್ ನೋಟಿಫಿಕೇಶನ್ ಬಂದ ಮೇಲೆ ಗೊತ್ತಾಗುತ್ತೆ.

ನಮ್ಮ ಅಜ್ಜಿ ಕಾವು ಕೊಡೋ ರೀತಿ ಹೇಳ್ತೀನಿ. ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಹಳೇ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟೋರು. ಮೊದಲು ತಮ್ಮ ಮುಂಗೈ ಮೇಲೆ ಇಟ್ಟು ನೋಡೋರು. ಆಮೇಲೆ ನಮ್ಮ ಸೊಂಟದ ಮೇಲೆ ಒತ್ತೋದು, ತೆಗೆಯೋದು, ಒತ್ತೋದು, ತೆಗೆಯೋದು. ಪ್ರತಿ ಸಲ, "ತಡ್ಕೊಳ್ತೀಯೇನೇ? ಇಲ್ಲಾ? ಇನ್ನೂ ಕೆಳಗಾ?" ಅಂತ ಕೇಳೋರು. ಹತ್ತು ಹದಿನೈದು ನಿಮಿಷಕ್ಕೆ ಉಪ್ಪು ತಣ್ಣಗಾಗೋದು, ಅಲ್ಲಿಗೆ ಮುಗೀತು.

ಈ ಪದ್ಧತಿಯಲ್ಲಿ ಏನೇನಿತ್ತು ನೋಡಿ. ಬಿಸಿ ಪರೀಕ್ಷೆ ಇತ್ತು. ಒಂದೇ ಜಾಗದಲ್ಲಿ ಕೂರದ ಹಾಗೆ ಕೈ ಓಡಾಡ್ತಿತ್ತು. ಪ್ರಶ್ನೆ ಕೇಳೋ ಮನುಷ್ಯರಿದ್ದರು. ತಾನೇ ಆರೋ ಗಂಟು ಟೈಮರ್ ಕೆಲಸ ಮಾಡ್ತಿತ್ತು. ಈಗ ಅದೇ ಕಾವು ಕರೆಂಟಿನ ಬೆಲ್ಟಲ್ಲಿ ಬಂದಿದೆ. ಸೊಂಟಕ್ಕೆ ಸುತ್ತಿಕೊಂಡು, ಮಲಗಿ, ರೀಲ್ಸ್ ನೋಡ್ತಾ ಇರ್ತೀವಿ. ಅದು ಆರೋದಿಲ್ಲ, ಕೈ ಓಡಾಡೋದಿಲ್ಲ, "ತಡ್ಕೊಳ್ತೀಯಾ" ಅಂತ ಯಾರೂ ಕೇಳೋದಿಲ್ಲ. ಆ ಪ್ರಶ್ನೆಯನ್ನ ನಾವೇ ಕೇಳ್ಕೋಬೇಕು.

ಯಾಕೆ ಕೇಳ್ಕೋಬೇಕು ಅಂದ್ರೆ, ಚರ್ಮಕ್ಕೆ ಮರೆವು ಜಾಸ್ತಿ. ಚಳಿಗಾಲದಲ್ಲಿ ಸ್ನಾನಕ್ಕೆ ಹೋದಾಗ ಮೊದಲನೇ ಚೊಂಬು ನೀರು ಸುಡುತ್ತೆ. ಐದನೇ ಚೊಂಬಿಗೆ "ಇನ್ನೂ ಸ್ವಲ್ಪ ಬಿಸಿ ಇರ್ಬೇಕಿತ್ತು" ಅನ್ಸುತ್ತೆ. ನೀರು ತಣ್ಣಗಾಗಿದ್ದು ಸ್ವಲ್ಪ, ಚರ್ಮ ಹೊಂದಿಕೊಂಡಿದ್ದು ಜಾಸ್ತಿ. ಬೆಲ್ಟ್ ಹಾಕ್ಕೊಂಡ ಹತ್ತು ನಿಮಿಷದ ಮೇಲೆ "ಏನೂ ಬಿಸಿ ಆಗ್ತಿಲ್ಲವಲ್ಲ" ಅಂತ ಬಟನ್ ಒತ್ತಿ ಹೈ ಮಾಡ್ತೀವಲ್ಲ, ಅದೂ ಇದೇ.

ಅಪಾಯ ಎಷ್ಟು ಅನ್ನೋದಕ್ಕೂ ಲೆಕ್ಕ ಇದೆ. 1947ರಲ್ಲಿ ಹಾರ್ವರ್ಡ್‌ನ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಅನ್ನೋರು ಪ್ರಕಟಿಸಿದ ಪ್ರಸಿದ್ಧ ಅಧ್ಯಯನದ ಪ್ರಕಾರ, 60 ಡಿಗ್ರಿಯಲ್ಲಿ ಚರ್ಮ ಆಳವಾಗಿ ಸುಡೋಕೆ ಸುಮಾರು 5 ಸೆಕೆಂಡ್ ಸಾಕು. 44 ಡಿಗ್ರಿಯಲ್ಲಿ ಸುಮಾರು 6 ಗಂಟೆ ಬೇಕು. ಬೇಕು ಅಂದೆ, ಅಂದ್ರೆ 6 ಗಂಟೆ ಕೊಟ್ಟರೆ 44 ಡಿಗ್ರಿಯೂ ಸುಡುತ್ತೆ! ಒಂದು ರಾತ್ರಿ ನಿದ್ದೆ ಎಷ್ಟು ಗಂಟೆ? ಲೆಕ್ಕ ಹಾಕಿ.

ನಮ್ಮ ದೊಡ್ಡಮ್ಮ ಶಿವಮೊಗ್ಗದಲ್ಲಿದ್ದಾರೆ. ಹದಿನೈದು ವರ್ಷದಿಂದ ಶುಗರ್. ಒಂದು ಚಳಿಗಾಲದ ರಾತ್ರಿ ಪಾದ ಜೋಮು ಹಿಡಿದ ಹಾಗಿದೆ ಅಂತ ತಾವೇ ಬಿಸಿನೀರಿನ ಚೀಲ ತುಂಬಿಸಿ ಕಾಲ ಹತ್ತಿರ ಇಟ್ಕೊಂಡು ಮಲಗಿದರು. ಬೆಳಗ್ಗೆ ಎದ್ದಾಗ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ಬೊಬ್ಬೆ. "ಬಿಸಿ ಅಂತ ಗೊತ್ತೇ ಆಗ್ಲಿಲ್ಲ ಕಣೇ" ಅಂದರು. ಎರಡು ತಿಂಗಳು ಡ್ರೆಸಿಂಗ್ ಮಾಡಿಸಿಕೊಂಡು ಓಡಾಡಿದರು. ಬೆರಳು ಉಳೀತಲ್ಲ ಅಂತ ಮನೆಯವರೆಲ್ಲ ಸಮಾಧಾನಪಟ್ಟರು.

ಸಕ್ಕರೆ ಕಾಯಿಲೆ ಹಳೆಯದಾದಾಗ ಪಾದದ ನರಗಳು ಹಾಳಾಗಬಹುದು. ಆಗ ಜೋಮು, ಜುಮುಜುಮು, ಉರಿ, ಕೊನೆಗೆ ಸ್ಪರ್ಶವೇ ಗೊತ್ತಾಗದ ಸ್ಥಿತಿ. 43 ಡಿಗ್ರಿಗೆ ಕೂಗಬೇಕಾದ ಗಂಟೆಯ ತಂತಿಯೇ ತುಂಡಾಗಿದ್ರೆ? ಜೊತೆಗೆ ಅಂಥ ಪಾದದ ಗಾಯ ಬೇಗ ಮಾಯೋದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಮಧುಮೇಹ ಇದೆ. ಅಂದ್ರೆ ಇದನ್ನ ಕೇಳ್ತಿರೋ ನಿಮ್ಮಲ್ಲಿ ಬಹಳಷ್ಟು ಜನರ ಮನೆಯಲ್ಲಿ ಒಬ್ಬರಾದ್ರೂ ಇದ್ದಾರೆ. ಇವತ್ತು ಮನೆಗೆ ಫೋನ್ ಮಾಡಿದಾಗ ಒಂದೇ ಮಾತು ಹೇಳಿ: "ಪಾದಕ್ಕೆ ಮಾತ್ರ ಬಿಸಿನೀರಿನ ಚೀಲ ಬೇಡಮ್ಮ, ಉಣ್ಣೆ ಸಾಕ್ಸ್ ಹಾಕ್ಕೋ."

ಹಾಗಾದ್ರೆ ಯಾವ ನೋವಿಗೆ ಕಾವು, ಯಾವುದಕ್ಕೆ ಬೇಡ? ಇದಕ್ಕೆ ನಮ್ಮ ಭಾಷೆಯೇ ಅರ್ಧ ಸಹಾಯ ಮಾಡುತ್ತೆ. ಡಾಕ್ಟರ್ ಹತ್ತಿರ ಹೋಗಿ ಬರೀ "ಪೇನ್ ಇದೆ" ಅಂತೀವಿ. ಆದ್ರೆ ಕನ್ನಡದಲ್ಲಿ ನೋವಿಗೆ ಎಷ್ಟು ಹೆಸರಿದೆ ನೋಡಿ: ಹಿಡಿತ, ಸೆಳೆತ, ಉಳುಕು, ಚಳುಕು, ಜೋಮು, ಉರಿ, ನುಲಿತ, ಚುಚ್ಚೋದು, ಸಿಡಿಯೋದು, ಜಗ್ಗೋದು. ಒಂದೊಂದೂ ಒಂದೊಂದು ಸುದ್ದಿ.

ಹಿಡ್ಕೊಂಡಿದೆ, ಜಗ್ಗುತ್ತೆ ಅಂದ್ರೆ ಸಾಮಾನ್ಯವಾಗಿ ಸ್ನಾಯು ಬಿಗಿದಿರುತ್ತೆ. ಕೂತು ಕೂತು ಬಂದ ಸೊಂಟ, ಲ್ಯಾಪ್‌ಟಾಪ್ ಕತ್ತು, ಇಂಥದ್ದಕ್ಕೆ ಕಾವು ಸರಿ. ಮುಟ್ಟಿನ ದಿನದ ನುಲಿತ, ಹಿಂಡೋ ನೋವಿಗೂ ಸರಿ.

ಉಳುಕಿದೆ, ಊದಿಕೊಂಡಿದೆ ಅಂದ್ರೆ ಮೊದಲ ಎರಡು ದಿನ ಕಾವು ಬೇಡ. ಇರೋ ಊತ ಇನ್ನೂ ಹೆಚ್ಚಾಗಬಹುದು. ಆಗ ಬಟ್ಟೆಯಲ್ಲಿ ಸುತ್ತಿದ ಐಸ್ ಒಳ್ಳೇದು.

ಮುಟ್ಟಿದ್ರೆ ಬಿಸಿ ಇದೆ, ಕೆಂಪಗಿದೆ, ಉರೀತಿದೆ ಅಂದ್ರೆ ಅಲ್ಲಿ ಸೋಂಕಿರಬಹುದು. ಕಾವು ಬೇಡ, ಡಾಕ್ಟರ್. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯ್ತಿದ್ರೆ ರಕ್ತ ಹೆಪ್ಪುಗಟ್ಟಿರೋ ಸಾಧ್ಯತೆ ಇರುತ್ತೆ. ಅಲ್ಲೂ ಅಷ್ಟೇ.

ಜೋಮು ಹಿಡಿದಿದೆ, ಮರಗಟ್ಟಿದೆ ಅಂದ್ರೆ ದೊಡ್ಡಮ್ಮನ ಕಥೆ ನೆನಪಿಸಿಕೊಳ್ಳಿ. ಸೊಂಟದಿಂದ ಕಾಲಿಗೆ ಚಳುಕು ಇಳಿದು, ಜೊತೆಗೆ ಕಾಲಲ್ಲಿ ಶಕ್ತಿ ಇಲ್ಲದ ಹಾಗೆ ಆದ್ರೆ, ಇಲ್ಲಾ ಮೂತ್ರ ಮಲ ಹಿಡಿತ ತಪ್ಪಿದ್ರೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಹೊಟ್ಟೆಯಲ್ಲಿ ಹಿಂದೆಂದೂ ಇಲ್ಲದ ನೋವು, ಹೊಕ್ಕುಳ ಹತ್ತಿರ ಶುರುವಾಗಿ ಬಲಗಡೆ ಕೆಳಗೆ ಇಳಿದು ಹೆಚ್ಚಾಗ್ತಿದೆ ಅಂದ್ರೆ ಅದು ಅಪೆಂಡಿಕ್ಸ್ ಆಗಿರಬಹುದು. ಚೀಲ ಇಟ್ಕೊಂಡು ರಾತ್ರಿ ಕಳೆಯೋದು ಬೇಡ. ಗರ್ಭಿಣಿಯರು ಹೊಟ್ಟೆ ಸೊಂಟಕ್ಕೆ ಕಾವು ಕೊಡೋ ಮುಂಚೆ ಡಾಕ್ಟರನ್ನ ಕೇಳಿ.

ಮತ್ತೆ ಎದೆ. ಎದೆ ಮೇಲೆ ಕಲ್ಲು ಇಟ್ಟ ಹಾಗೆ ಭಾರ, ದವಡೆಗೋ ಎಡಗೈಗೋ ಹರಿಯೋ ನೋವು, ಬೆವರು, ಉಸಿರು ಕಟ್ಟೋದು. "ಗ್ಯಾಸ್ ಇರ್ಬೇಕು, ಸ್ವಲ್ಪ ಶಾಖ ಕೊಡೋಣ" ಅನ್ನೋ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿದ್ದೀವಿ! ಆ ಅರ್ಧ ಗಂಟೆಗೆ ಬೆಲೆ ಕಟ್ಟೋಕೆ ಆಗಲ್ಲ. 108ಕ್ಕೆ ಫೋನ್ ಮಾಡಿ.

ಇನ್ನೊಂದು ಗುರುತಿನ ಬಗ್ಗೆ ಹೇಳಬೇಕು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಕಾವು ಕೊಡ್ತಾ ಹೋದ್ರೆ, ಸುಡದೇ ಇದ್ರೂ, ಚರ್ಮದ ಮೇಲೆ ಮೀನಿನ ಬಲೆ ಹಾಸಿದಂಥ ಕಂದು ಗೆರೆಗಳು ಬರ್ತವೆ. ಡಾಕ್ಟರುಗಳು ಇದಕ್ಕೆ ಎರಿಥೀಮಾ ಅಬ್ ಇಗ್ನೆ ಅಂತಾರೆ. ಲ್ಯಾಟಿನ್‌ನಲ್ಲಿ ಬೆಂಕಿಯಿಂದಾದ ಕೆಂಪು ಅಂತ ಅರ್ಥ. ಲ್ಯಾಪ್‌ಟಾಪನ್ನ ತೊಡೆ ಮೇಲೇ ಇಟ್ಕೊಂಡು ಕೆಲಸ ಮಾಡೋರಿಗೂ ಇದು ಬಂದಿರೋ ಉದಾಹರಣೆಗಳಿವೆ. ಕಾಶ್ಮೀರದಲ್ಲಿ ಚಳಿಗೆ ಫೆರನ್ ಒಳಗೆ ಕೆಂಡದ ಮಡಕೆ ಇಟ್ಕೊಳ್ತಾರೆ, ಅದರ ಹೆಸರು ಕಾಂಗ್ಡಿ. ವರ್ಷಾನುಗಟ್ಟಲೆ ಅದರ ಶಾಖ ತಗುಲಿದ ತೊಡೆ, ಹೊಟ್ಟೆಯ ಚರ್ಮದಲ್ಲಿ ಕ್ಯಾನ್ಸರ್ ಬರೋದನ್ನ ವೈದ್ಯರು 19ನೇ ಶತಮಾನದಲ್ಲೇ ಗುರುತಿಸಿದ್ದರು. ಹೆದರಿಸೋಕೆ ಹೇಳ್ತಿಲ್ಲ. ಗೆರೆ ಶುರುವಲ್ಲೇ ಕಂಡಾಗ ಕಾವು ನಿಲ್ಲಿಸಿದ್ರೆ ಸಾಮಾನ್ಯವಾಗಿ ನಿಧಾನಕ್ಕೆ ಮಾಸಿ ಹೋಗುತ್ತೆ. ಹೋಗದಿದ್ರೆ ಚರ್ಮದ ಡಾಕ್ಟರಿಗೆ ತೋರಿಸಿ.

ಆದ್ರೆ ಆ ಗೆರೆ ಇನ್ನೊಂದು ಕಥೆಯನ್ನೂ ಹೇಳುತ್ತೆ. ಒಬ್ಬ ಹುಡುಗಿಯ ಹೊಟ್ಟೆ ಮೇಲೆ ಬಲೆಯಂಥ ಗುರುತಿದೆ ಅಂದ್ರೆ, ಅವಳು ಎಷ್ಟು ತಿಂಗಳಿಂದ, ಎಷ್ಟು ರಾತ್ರಿ ಆ ಚೀಲ ಅಪ್ಪಿಕೊಂಡು ಮಲಗಿರಬೇಕು? ಹೆರಿಗೆ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ 10 ಜನಕ್ಕೆ ಎಂಡೊಮೆಟ್ರಿಯೋಸಿಸ್ ಇರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯೋ ಕಾಯಿಲೆ ಅದು. ಪತ್ತೆ ಆಗೋಕೆ ಎಷ್ಟೋ ಸಲ ಹಲವಾರು ವರ್ಷ ಹಿಡಿಯುತ್ತೆ. ಅದಕ್ಕೆ ಒಂದು ಕಾರಣ, "ಎಲ್ಲರಿಗೂ ಆಗುತ್ತೆ, ಬಿಸಿನೀರಿನ ಚೀಲ ಇಟ್ಕೋ" ಅನ್ನೋ ನಮ್ಮ ಉತ್ತರ. ಕಾಲೇಜಿಗೆ, ಕೆಲಸಕ್ಕೆ ಹೋಗೋಕೇ ಆಗದಷ್ಟು ನೋವು ತಿಂಗಳು ತಿಂಗಳೂ ಬರ್ತಿದ್ರೆ ಅದನ್ನ ತಡ್ಕೋಬೇಕಾಗಿಲ್ಲ, ಸ್ತ್ರೀರೋಗ ತಜ್ಞರ ಹತ್ತಿರ ಹೇಳಬೇಕು. ಚೀಲ ಆ ರಾತ್ರಿ ಕಳೆಯೋಕೆ ಇರಲಿ, ಕಾಯಿಲೆಯನ್ನ ಮುಚ್ಚಿಡೋಕೆ ಬೇಡ.

ಸರಿ, ಈಗ ಮಾಡೋ ಕ್ರಮಕ್ಕೆ ಬರೋಣ. ಇದನ್ನ ನಾನು ಖಾತೆ ಪುಸ್ತಕದ ಥರ ಮಾಡ್ತೀನಿ, ಕಾಮರ್ಸ್ ಬುದ್ಧಿ.

ಮೊದಲು ಆರಂಭಿಕ ಶಿಲ್ಕು. ಚೀಲ ಇಡೋ ಮುಂಚೆ ಎರಡು ನಿಮಿಷ ಸುಮ್ಮನೆ ಕೂತ್ಕೊಳ್ಳಿ. ನೋವು ಎಲ್ಲಿದೆ? ಯಾವ ಥರ, ಹಿಡಿತವೋ, ನುಲಿತವೋ? ಹತ್ತಕ್ಕೆ ಎಷ್ಟು? ಫೋನಲ್ಲಿ ಒಂದೇ ಸಾಲು ಬರೆದುಕೊಳ್ಳಿ, "ಸೊಂಟ ಬಲಗಡೆ, ಹಿಡಿತ, 6."

ಆಮೇಲೆ ಚೀಲ. ಕುದಿಯೋ ನೀರು ಹಾಕಬೇಡಿ. ಮುಕ್ಕಾಲು ಭಾಗದೊಳಗೆ ತುಂಬಿಸಿ, ಗಾಳಿ ಹೊರಗೆ ಬಿಟ್ಟು, ಮುಚ್ಚಳ ಬಿಗಿ ಮಾಡಿ, ತಲೆಕೆಳಗು ಮಾಡಿ ಸೋರುತ್ತಾ ನೋಡಿ. ರಬ್ಬರ್ ಬಿರುಕು ಬಿಟ್ಟಿದ್ರೆ ಅದನ್ನ ಎಸೆದುಬಿಡಿ. ಟವೆಲ್ ಸುತ್ತಿ, ಅಜ್ಜಿ ಥರ ಮುಂಗೈ ಒಳಭಾಗಕ್ಕೆ ಇಟ್ಟು ಹತ್ತು ಎಣಿಸಿ. ಕೈ ಎಳ್ಕೋಬೇಕು ಅನ್ಸಿದ್ರೆ ಅದು ಜಾಸ್ತಿ ಬಿಸಿ. ಪ್ಲಗ್ ಹಾಕೋ ಪೌಚ್ ಆದ್ರೆ ಪ್ಲಗ್ ತೆಗೆದ ಮೇಲೆ ಮೈಗೆ ಇಟ್ಕೊಳ್ಳಿ. ಚೀಲ ಮೈ ಮೇಲಿರಲಿ, ಮೈ ಚೀಲದ ಮೇಲೆ ಬೇಡ, ಯಾಕಂದ್ರೆ ಭಾರ ಬಿದ್ದ ಕಡೆ ರಕ್ತದ ಓಡಾಟ ಕಡಿಮೆ ಆಗಿ ಬಿಸಿ ಅಲ್ಲೇ ನಿಲ್ಲುತ್ತೆ. ನೋವಿನ ಮುಲಾಮು ಹಚ್ಚಿದ ಜಾಗಕ್ಕೂ, ಔಷಧಿಯ ಪ್ಯಾಚ್ ಅಂಟಿಸಿದ ಜಾಗಕ್ಕೂ ಕಾವು ಕೊಡಲೇಬಾರದು.

ಟೈಮರ್ 15 ನಿಮಿಷಕ್ಕೆ ಇಟ್ಟು ಫೋನನ್ನ ಮಗುಚಿಡಿ. ಐದು ನಿಮಿಷಕ್ಕೊಮ್ಮೆ ಚೀಲ ಎತ್ತಿ ಚರ್ಮ ನೋಡಿ. ತಿಳಿ ಗುಲಾಬಿ ಆಗಿದ್ರೆ ಪರವಾಗಿಲ್ಲ. ಕಡುಗೆಂಪು, ಇಲ್ಲಾ ಕೆಂಪು ಬಿಳಿ ಚುಕ್ಕೆ ಕಂಡ್ರೆ ಅಲ್ಲಿಗೆ ನಿಲ್ಲಿಸಿ. ಮಧ್ಯೆ ಉಸಿರು ಗಮನಿಸಿ. ಕಾವು ಇಟ್ಟ ಜಾಗ ಸಡಿಲ ಆಗುವಾಗ ದವಡೆ, ಹುಬ್ಬು, ಭುಜ ಎಲ್ಲೆಲ್ಲಿ ಬಿಗಿ ಹಿಡಿದಿದ್ರಿ ಅನ್ನೋದು ಒಂದೊಂದಾಗಿ ಗೊತ್ತಾಗೋಕೆ ಶುರು ಆಗುತ್ತೆ. ನನಗಂತೂ ಸೊಂಟಕ್ಕೆ ಕಾವು ಕೊಟ್ಟಾಗ ಹಲ್ಲು ಕಚ್ಚಿಕೊಂಡಿರೋದು ಗೊತ್ತಾಗುತ್ತೆ.

ಕೊನೆಗೆ ಅಂತಿಮ ಶಿಲ್ಕು. ಎದ್ದು ನಿಂತು ನಾಲ್ಕು ಹೆಜ್ಜೆ ನಡೀರಿ, ನಿಧಾನಕ್ಕೆ ಬಗ್ಗಿ, ತಿರುಗಿ. ಸ್ನಾಯು ಸಡಿಲ ಇರೋ ಆ ಹೊತ್ತು ಮೈ ಆಡಿಸೋಕೆ ಒಳ್ಳೇ ಸಮಯ, ಮತ್ತೆ ಕುರ್ಚಿಗೆ ಬೀಳೋಕಲ್ಲ. ಈಗ ಹತ್ತಕ್ಕೆ ಎಷ್ಟು? ಬರ್ಕೊಳ್ಳಿ.

ಎರಡು ವಾರ ಆದ ಮೇಲೆ ಆ ಸಾಲುಗಳನ್ನ ಒಟ್ಟಿಗೆ ಓದಿ. 6 ಇದ್ದದ್ದು 3 ಆಗಿ, ವಾರಕ್ಕೆ ಐದು ಸಲ ಇದ್ದದ್ದು ಎರಡು ಸಲ ಆಗಿದ್ರೆ ಸಂತೋಷ. ಪ್ರತಿ ದಿನ 6ರಿಂದ 3ಕ್ಕೆ ಇಳಿದು, ಮರುದಿನ ಮತ್ತೆ 6, ಆಮೇಲೆ 7 ಅಂತಿದ್ರೆ ಕಾವು ಬರೀ ಬಡ್ಡಿ ಕಟ್ತಿದೆ, ಅಸಲು ಹಾಗೇ ಇದೆ. ಆ ಪುಟವನ್ನ ಹಾಗೇ ಡಾಕ್ಟರಿಗೆ ತೋರಿಸಿ. "ಪೇನ್ ಇದೆ" ಅನ್ನೋದಕ್ಕಿಂತ ಎಷ್ಟೋ ಹೆಚ್ಚು ಅವರಿಗೆ ಅದರಿಂದ ಅರ್ಥ ಆಗುತ್ತೆ.

ಇವತ್ತಿಗೆ ಇಷ್ಟು. ನಿಮ್ಮ ಊರ ಕಡೆ ನೋವಿಗೆ ಇನ್ಯಾವ ಹೆಸರಿದೆ, ನಾನು ಹೇಳದೇ ಬಿಟ್ಟಿದ್ದು, ಕಳಿಸಿಕೊಡಿ. ಬೀದರ್ ಕಡೆಯ ಮಾತು ಬೇರೆ, ಕುಂದಾಪುರದ ಮಾತು ಬೇರೆ. ಮುಂದಿನ ಸಂಚಿಕೆಯಲ್ಲಿ ಓದಿ ಹೇಳ್ತೀನಿ. ಮನೆಗೆ ಫೋನ್ ಮಾಡೋದು ಮರೀಬೇಡಿ, ಪಾದದ ವಿಷಯ. ಸಿಗೋಣ, ನಮಸ್ಕಾರ.